ಸ್ಕಿಮ್ಮರ್ ಸದ್ದು: ಪಂಪ್ ಬಿಚ್ಚುವ ಮೊದಲು ಕಿವಿ ಕೊಡಿ

ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅವ್ವ ಕೇಳಿದಳು: "ಏನಪ್ಪಾ ಅದು, ರಾತ್ರಿಯೆಲ್ಲ ಮಂಡಕ್ಕಿ ಹುರಿದಂಗೆ ಸದ್ದು ಬರ್ತೈತಿ?" ದಾವಣಗೆರೆಯವರಿಗೆ ಆ ಸದ್ದನ್ನು ಬಿಡಿಸಿ ಹೇಳಬೇಕಿಲ್ಲ. ಭಟ್ಟಿಯ ಕಾದ ಮರಳಿಗೆ ಅಕ್ಕಿ ಬಿದ್ದಾಗ ಬರುವ ಚರ್ ಅನ್ನುವ ಸದ್ದು ಅದು. ನಮ್ಮ ಹಾಲ್‌ನಲ್ಲಿರುವ ಉಪ್ಪುನೀರಿನ ಮೀನಿನ ತೊಟ್ಟಿಯ ಕೆಳಗಿಂದ ಬರುತ್ತಿತ್ತು.

ನಾನು ಆವತ್ತೇ ನೀರಿನ ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್ ಎತ್ತಿ ಅದರ ಪಂಪ್ ಬಿಚ್ಚಿದೆ. ಇಂಪೆಲ್ಲರ್, ಅಂದರೆ ಪಂಪ್ ಒಳಗೆ ತಿರುಗುವ ಚಕ್ರ, ಎಳೆಯುವಾಗ ಸ್ವಲ್ಪ ಓರೆಯಾಯಿತು, ಅದರ ಒಳಗಿನ ಸೆರಾಮಿಕ್ ಶಾಫ್ಟ್ ಚಟ್ ಅಂತ ಮುರಿಯಿತು. ಬೆಂಗಳೂರಿನಿಂದ ಹೊಸ ಶಾಫ್ಟ್ ಬರಲು ಐದು ದಿನ ಬೇಕಾಯಿತು. ಆಮೇಲೆ ಗೊತ್ತಾಗಿದ್ದು, ಪಂಪ್‌ಗೆ ಏನೂ ಆಗಿರಲಿಲ್ಲ. ಗಾಳಿ ಕೊಳವೆಯಲ್ಲಿ ಉಪ್ಪು ಕಟ್ಟಿತ್ತು, ಅಷ್ಟೇ. ಒಂದು ಲೋಟ ಬೆಚ್ಚಗಿನ ನೀರಲ್ಲಿ ಹೋಗುವಂಥದ್ದು. ಅದಕ್ಕೇ ಈ ಬರಹವನ್ನು ಖರ್ಚಿಲ್ಲದ ಪರೀಕ್ಷೆಗಳಿಂದ ಶುರು ಮಾಡಿ, ಪಂಪ್ ಬಿಚ್ಚುವುದನ್ನು ಆದಷ್ಟು ಹಿಂದಕ್ಕೆ ಇಟ್ಟಿದ್ದೇನೆ.

ಹೊಸಬರಿಗೆ ಒಂದು ಮಾತು. ಇಲ್ಲಿ ಸಂಪ್ ಅಂದರೆ ಮನೆ ಮುಂದೆ ನೆಲದಡಿ ಇರುವ ನೀರಿನ ಸಂಪ್ ಅಲ್ಲ. ದೊಡ್ಡ ತೊಟ್ಟಿಯ ಕೆಳಗೆ ಕ್ಯಾಬಿನೆಟ್ ಒಳಗೆ ಇಡುವ, ಗಾಜಿನ ಅಡ್ಡಗೋಡೆಗಳಿರುವ ಎರಡನೇ ತೊಟ್ಟಿ. ಪ್ರೋಟೀನ್ ಸ್ಕಿಮ್ಮರ್ ಅದರಲ್ಲಿ ಕೂರುತ್ತದೆ. ಅದರ ಪಂಪ್ ನೀರಿನ ಜೊತೆ ಗಾಳಿಯನ್ನೂ ಹೀರಿ, ಮುಳ್ಳುಮುಳ್ಳಾದ ಚಕ್ರದಲ್ಲಿ ಆ ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಒಡೆಯುತ್ತದೆ. ಮೀನಿನ ಹೇಲು, ಮಿಕ್ಕ ಆಹಾರದ ಜಿಡ್ಡು ಗುಳ್ಳೆಗಳಿಗೆ ಅಂಟಿಕೊಂಡು ನೊರೆಯಾಗಿ ಮೇಲೇರಿ ಕಪ್‌ಗೆ ಬೀಳುತ್ತದೆ.

ಈ ಕೆಲಸ ನಡೆಯಬೇಕಾದರೆ ಸ್ವಲ್ಪ ಸದ್ದು ಇದ್ದೇ ಇರುತ್ತದೆ. ಅದನ್ನು ಪೂರ್ತಿ ಅಡಗಿಸುವುದು ಬಹಳ ಸುಲಭ. ಗಾಳಿ ಕೊಳವೆಯ ಬಾಯಿಗೆ ಬೆರಳಿಟ್ಟರೆ ಸಾಕು. ಆದರೆ ನೊರೆಯೂ ನಿಂತುಹೋಗುತ್ತದೆ. ಹಾಗಾಗಿ ಕೆಳಗೆ ಹೇಳಿರುವ ಯಾವುದೇ ರಿಪೇರಿ ಮಾಡಿದ ಮೇಲೂ ನೊರೆ ನೋಡಿ. ಸದ್ದು ಇಳಿದು ನೊರೆಯೂ ಇಳಿದರೆ ರಿಪೇರಿ ಆಗಿಲ್ಲ ಅಂತಲೇ ಅರ್ಥ.

ಕೈ ಹಾಕುವ ಮೊದಲು

ಉಪ್ಪುನೀರಲ್ಲಿ ಕರೆಂಟ್ ಬೋರ್‌ವೆಲ್ ನೀರಿಗಿಂತ ಎಷ್ಟೋ ಸಲೀಸಾಗಿ ಹರಿಯುತ್ತದೆ. ಸಂಪ್‌ಗೆ ಕೈ ಹಾಕುವ ಮೊದಲು ಸ್ವಿಚ್ ಆಫ್ ಮಾಡಿ ಸುಮ್ಮನಾಗಬೇಡಿ, ಪ್ಲಗ್‌ಗಳನ್ನೇ ಕೀಳಿ. ಸ್ಕಿಮ್ಮರ್‌ನದು ಮಾತ್ರ ಅಲ್ಲ, ಆ ನೀರಲ್ಲಿ ಮುಳುಗಿರುವ ಹೀಟರ್, ನೀರನ್ನು ಮೇಲಿನ ತೊಟ್ಟಿಗೆ ವಾಪಸ್ ಕಳಿಸುವ ರಿಟರ್ನ್ ಪಂಪ್ ಎಲ್ಲದರದ್ದೂ. ವೈರ್ ಪ್ಲಗ್ ಹತ್ತಿರ ಬರುವಾಗ ಒಮ್ಮೆ ಕೆಳಗೆ ಜೋತುಬಿದ್ದು ಆಮೇಲೆ ಮೇಲೇರುವ ಹಾಗಿರಲಿ. ವೈರ್ ಹಿಡಿದು ಇಳಿಯುವ ನೀರು ಆ ಬಾಗಿನಿಂದ ನೆಲಕ್ಕೆ ತೊಟ್ಟಿಕ್ಕುತ್ತದೆ, ಸಾಕೆಟ್ ಒಳಗೆ ಹೋಗುವುದಿಲ್ಲ. ತೊಟ್ಟಿಯ ಲೈನ್‌ಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್) ಮತ್ತು ಸರಿಯಾದ ಅರ್ತಿಂಗ್ ಇರಲೇಬೇಕು. ಎಷ್ಟೋ ಹಳೇ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಅರ್ತ್ ವೈರ್ ಇರುವುದಿಲ್ಲ. ಎಲೆಕ್ಟ್ರಿಷಿಯನ್‌ಗೆ ಹೇಳಿ ಒಮ್ಮೆ ನೋಡಿಸಿ. ಇದರಲ್ಲಿ ರಾಜಿ ಬೇಡ.

ಸದ್ದು ಸ್ಕಿಮ್ಮರ್‌ದೇ ಹೌದಾ?

ಸ್ಕಿಮ್ಮರ್ ಒಂದನ್ನೇ ಹತ್ತು ನಿಮಿಷ ನಿಲ್ಲಿಸಿ. ಸದ್ದು ಹಾಗೇ ಮುಂದುವರಿದರೆ ಅದು ರಿಟರ್ನ್ ಪಂಪ್‌ನದ್ದೋ, ಮೇಲಿನ ತೊಟ್ಟಿಯಿಂದ ನೀರು ಇಳಿಯುವ ಪೈಪ್‌ನದ್ದೋ, ಕೂಲಿಂಗ್ ಫ್ಯಾನ್‌ನದ್ದೋ ಇರಬೇಕು. ಸದ್ದು ನಿಂತರೆ ಮುಂದೆ ಓದಿ.

ಇನ್ನೊಂದು ಉಪಾಯ ಇದೆ. ಒಂದಡಿ ಉದ್ದದ ಒಣ ಪಿವಿಸಿ ಪೈಪ್ ತುಂಡು ತಗೊಳ್ಳಿ. ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕ್ಯಾಬಿನೆಟ್ ಹಲಗೆಗೆ ಇಡಿ, ಆಮೇಲೆ ಸಂಪ್‌ನ ಹೊರಗಿನ ಗಾಜಿಗೆ ಇಡಿ. ಗಾಳಿ ಕೊಳವೆಯ ಬಾಯಿಯ ಹತ್ತಿರವೂ ಹಿಡಿದು ನೋಡಿ. ನೀರಿಗೆ ಮಾತ್ರ ತಾಗಿಸಬೇಡಿ. ಎಲ್ಲಿ ಜೋರಾಗಿ ಕೇಳುತ್ತದೋ ಹುಡುಕಾಟ ಅಲ್ಲಿಂದ ಶುರು.

ಚರ್, ಸುಯ್ ಅನ್ನುವ ಹೀರುವ ಸದ್ದು

ಇದು ಗಾಳಿಯ ಸದ್ದು. ಗಾಳಿ ಕೊಳವೆಯ ಬಾಯಿಂದ ಬರುತ್ತದೆ. ನಾನು ಕಂಡಂತೆ ಹೆಚ್ಚಿನವರ ತೊಂದರೆ ಇಲ್ಲೇ ಇರುತ್ತದೆ.

ಮೊದಲು ಸೈಲೆನ್ಸರ್ ನೋಡಿ. ಕೊಳವೆಯ ತುದಿಗೆ ಸಿಕ್ಕಿಸುವ ಸಣ್ಣ ಪ್ಲಾಸ್ಟಿಕ್ ಡಬ್ಬಿ ಅದು. ಬಿದ್ದುಹೋಗಿ ಕ್ಯಾಬಿನೆಟ್ ಮೂಲೆಯಲ್ಲಿ ಸಿಕ್ಕ ಉದಾಹರಣೆ ಎಷ್ಟೋ ಇವೆ. ಅದು ಜಾಗದಲ್ಲೇ ಇದ್ದರೆ ಒಳಗೆ ಧೂಳು ಕೂತಿದೆಯಾ ನೋಡಿ, ತೊಳೆದು ಒಣಗಿಸಿ ಹಾಕಿ.

ಆಮೇಲೆ ಉಪ್ಪು. ಗಾಳಿ ಕೊಳವೆ ಪಂಪ್‌ಗೆ ಸೇರುವ ಕಿರಿದಾದ ಜಾಗಕ್ಕೆ ವೆಂಚುರಿ ಅನ್ನುತ್ತಾರೆ. ಅಲ್ಲಿ ನೀರು ಗಾಳಿ ಎರಡೂ ಸೇರುವುದರಿಂದ ಉಪ್ಪು ಕಾಳುಕಾಳಾಗಿ ಕಟ್ಟುತ್ತದೆ. ದಾರಿ ಕಿರಿದಾದಷ್ಟೂ ಸದ್ದು ಸಿಳ್ಳೆಯ ಹಾಗಾಗುತ್ತದೆ. ಕೆಲವೊಮ್ಮೆ ಬುಸ್, ಬುಸ್ ಅಂತ ಬಿಟ್ಟುಬಿಟ್ಟು ಬರುತ್ತದೆ. ಜೊತೆಗೆ ಇನ್ನೊಂದು ಗುರುತು: ಸ್ಕಿಮ್ಮರ್ ಒಳಗೆ ಹಾಲಿನ ಹಾಗೆ ಬೆಳ್ಳಗಿರುತ್ತಿದ್ದ ನೀರು ತಿಳಿಯಾಗುತ್ತದೆ, ಕಪ್‌ಗೆ ನೊರೆ ಏರುವ ಕತ್ತಿನಲ್ಲಿ ನೊರೆ ಇಳಿಯುತ್ತದೆ.

ಸ್ಕಿಮ್ಮರ್ ಓಡುತ್ತಿರುವಾಗಲೇ, ಸೈಲೆನ್ಸರ್ ತೆಗೆದು ಕೊಳವೆಯ ತುದಿಯನ್ನು ಒಂದು ಲೋಟ ಬೆಚ್ಚಗಿನ ಆರ್‌ಒ ನೀರಲ್ಲಿ ಅದ್ದಿ. ಕುದಿಯುವ ನೀರು ಬೇಡ, ಕೈಗೆ ಹಿತವಾಗುವಷ್ಟು ಬಿಸಿ ಸಾಕು. ಪಂಪ್ ಆ ನೀರನ್ನು ಸರ್ ಅಂತ ಎಳೆದುಕೊಳ್ಳುತ್ತದೆ, ಉಪ್ಪು ಕರಗುತ್ತದೆ. ಎರಡು ಮೂರು ಗುಟುಕು ಆದ ಮೇಲೆ ತೆಗೆಯಿರಿ. ಇದನ್ನು ಹದಿನೈದು ದಿನಕ್ಕೊಮ್ಮೆ ಮಾಡುವುದು ಒಳ್ಳೆ ರೂಢಿ. ನಾನು ಭಾನುವಾರ ಗಾಜು ಒರೆಸುವಾಗ ಇದನ್ನೂ ಮುಗಿಸುತ್ತೇನೆ.

ಕೊಳವೆ ಸ್ವಚ್ಛ ಇದ್ದೂ ಹಾಲ್‌ನಲ್ಲಿ ಸದ್ದು ಕೇಳುತ್ತಿದ್ದರೆ ಸೈಲೆನ್ಸರ್ ಮನೆಯಲ್ಲೇ ಮಾಡಬಹುದು. ಸಣ್ಣ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿ ಕೊಳವೆ ತೂರಿಸಿ. ಬಾಟಲಿಯ ತಳದಲ್ಲಿ ಹತ್ತಾರು ತೂತು ಮಾಡಿ, ಒಳಗೆ ಒರಟು ಸ್ಪಂಜನ್ನು ಸಡಿಲವಾಗಿ ತುಂಬಿ. ತಳದ ತೂತುಗಳೆಲ್ಲ ಸೇರಿ ಕೊಳವೆಯ ಬಾಯಿಗಿಂತ ಬಹಳ ದೊಡ್ಡದಾಗಿರಬೇಕು. ಹತ್ತಿ ಗಿಡಿದು ತುಂಬಿದರೆ ಗಾಳಿಯೇ ಬರುವುದಿಲ್ಲ.

ಕೊಳವೆಯನ್ನು ಉದ್ದ ಮಾಡಿ ಕ್ಯಾಬಿನೆಟ್ ಹಿಂದಕ್ಕೆ ಎಳೆಯುವುದೂ ಒಂದು ದಾರಿ. ಆದರೆ ಅದರ ತುದಿ ಸಂಪ್‌ನಲ್ಲಿ ನೀರು ಏರಬಹುದಾದ ಮಟ್ಟಕ್ಕಿಂತ ಮೇಲೇ ಇರಬೇಕು. ಇಲ್ಲದಿದ್ದರೆ ಕರೆಂಟ್ ಹೋದಾಗ ಅದೇ ಕೊಳವೆಯಿಂದ ನೀರು ನೆಲಕ್ಕೆ ಸುರಿಯಬಹುದು. ತುದಿ ಎಲ್ಲಿದೆ ಅನ್ನುವುದಕ್ಕೆ ಇನ್ನೊಂದು ಕಾರಣಕ್ಕೂ ಗಮನ ಕೊಡಿ. ಸ್ಕಿಮ್ಮರ್ ಕೋಣೆಯ ಗಾಳಿಯನ್ನೇ ನೀರಿಗೆ ಬೆರೆಸುತ್ತದೆ. ಸೊಳ್ಳೆ ಬತ್ತಿ, ಸೊಳ್ಳೆ ಲಿಕ್ವಿಡ್‌ನಲ್ಲಿರುವ ಔಷಧ ಮೀನು, ಸೀಗಡಿಗಳಿಗೆ ವಿಷ. ಅವನ್ನು ತೊಟ್ಟಿ ಇರುವ ಕೋಣೆಯಲ್ಲಿ ಹಚ್ಚಲೇಬೇಡಿ.

ಗುಳುಗುಳು, ನೀರು ಸುರಿಯುವ ಸದ್ದು

ಇದು ನೀರಿನ ಮಟ್ಟದ ತಕರಾರು. ಪ್ರತಿ ಸ್ಕಿಮ್ಮರ್‌ಗೂ ಇಷ್ಟು ಆಳದ ನೀರಲ್ಲಿ ಕೂರಬೇಕು ಅಂತ ಲೆಕ್ಕ ಇರುತ್ತದೆ. ಸಂಪ್ ಒಳಗೆ ಇಡುವ ಬಹಳಷ್ಟು ಮಾದರಿಗಳಿಗೆ ಅದು 15ರಿಂದ 25 ಸೆಂ.ಮೀ. ನಡುವೆ ಇರುತ್ತದೆ. ನಿಮ್ಮದರ ಅಳತೆ ಜೊತೆಗೆ ಬಂದ ಕಾಗದದಲ್ಲಿ ಸಿಗುತ್ತದೆ. ಒಂದು ಸ್ಕೇಲ್ ಹಿಡಿದು ಸಂಪ್‌ನ ಹೊರಗಿನಿಂದ ಅಳೆಯಿರಿ.

ಮಟ್ಟ ಕಡಿಮೆ ಆದರೆ ಸ್ಕಿಮ್ಮರ್‌ನಿಂದ ಹೊರಬರುವ ನೀರು ಮೇಲಿಂದ ದುಮುಕಿ ಸದ್ದು ಮಾಡುತ್ತದೆ. ಇನ್ನೂ ಇಳಿದರೆ ಪಂಪ್ ಮೇಲ್ಮೈಯಿಂದ ಗಾಳಿ ಎಳೆದುಕೊಂಡು ಗೊರ್ ಅನ್ನುತ್ತದೆ. ಆಗ ಬೇಗ ನೀರು ಹಾಕಿ, ಪಂಪ್ ಒಣಗಿ ಓಡಿದರೆ ಶಾಫ್ಟ್, ಅದರ ತುದಿಯನ್ನು ಹಿಡಿದಿರುವ ಬುಷ್ ಎರಡೂ ಹಾಳು.

ನಮ್ಮ ಊರಲ್ಲಿ ಈ ಸದ್ದು ಮಾರ್ಚ್‌ನಿಂದ ಮೇ ತನಕ ಜಾಸ್ತಿ. ಕಾರಣ ಸರಳ. ಒಣ ಬಿಸಿಲು, ಮೇಲೆ ಕೂಲಿಂಗ್ ಫ್ಯಾನ್. ತೊಟ್ಟಿಯಿಂದ ಆವಿಯಾದ ನೀರೆಲ್ಲ ಸಂಪ್‌ನ ಕೊನೇ ಕೋಣೆಯಲ್ಲಿ, ಅಂದರೆ ರಿಟರ್ನ್ ಪಂಪ್ ಇರುವ ಕಡೆ, ಇಳಿಕೆಯಾಗಿ ಕಾಣಿಸುತ್ತದೆ. ನಮ್ಮಲ್ಲಿ ಏಪ್ರಿಲ್‌ನಲ್ಲಿ ದಿನಕ್ಕೆ 3 ಸೆಂ.ಮೀ. ಇಳಿದದ್ದಿದೆ. ಸ್ಕಿಮ್ಮರ್ ಅದೇ ಕೋಣೆಯಲ್ಲಿದ್ದರೆ ಬೆಳಿಗ್ಗೆ ಸುಮ್ಮನಿದ್ದದ್ದು ರಾತ್ರಿ ಹೊತ್ತಿಗೆ ಗುಳುಗುಳು ಶುರುಮಾಡುತ್ತದೆ. ಅಡ್ಡಗೋಡೆಯ ಹಿಂದೆ, ನೀರಿನ ಮಟ್ಟ ಬದಲಾಗದ ಕೋಣೆಗೆ ಅದನ್ನು ಸರಿಸಿ. ಜಾಗ ಇಲ್ಲದಿದ್ದರೆ ತಾನಾಗಿ ನೀರು ತುಂಬುವ ಫ್ಲೋಟ್ ಹಾಕಿಸಿ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ತುಂಬಬೇಕಾದದ್ದು ಆರ್‌ಒ ನೀರು, ಉಪ್ಪು ಕಲಸಿದ ನೀರಲ್ಲ.

ಮಟ್ಟ ಜಾಸ್ತಿ ಇದ್ದರೆ ಸದ್ದು ಬೇರೆ ಥರ. ಕತ್ತಿನಲ್ಲಿ ದೊಡ್ಡ ದೊಡ್ಡ ಗುಳ್ಳೆ ಬಡಬಡ ಒಡೆಯುತ್ತದೆ, ಕಪ್‌ಗೆ ತೆಳ್ಳಗಿನ ನೀರು ಬೀಳುತ್ತದೆ. ಆಗ ಸ್ಕಿಮ್ಮರ್ ಅಡಿಗೆ ಸ್ಟ್ಯಾಂಡ್ ಬೇಕು. ಪಿವಿಸಿ ಪೈಪನ್ನು ಬಳೆಯ ಹಾಗೆ ಕತ್ತರಿಸಿ ಮೇಲೆ ಅಕ್ರಿಲಿಕ್ ಹಲಗೆ ಇಟ್ಟರೆ ಸಾಕು. ಇಟ್ಟ ಮೇಲೆ ಅಲುಗಾಡುತ್ತಾ ನೋಡಿ.

ಮಟ್ಟ ಸರಿಯಿದ್ದೂ ಸುರಿಯುವ ಸದ್ದು ಬಂದರೆ ಹೊರಹೋಗುವ ಪೈಪ್‌ನ ಬಾಯಿ ನೋಡಿ. ಅದು ನೀರಿನ ಮೇಲ್ಮೈಗಿಂತ ಸ್ವಲ್ಪವೇ ಕೆಳಗಿರಬೇಕು. ತೀರಾ ಆಳಕ್ಕೆ ಇಳಿಸಿದರೆ ನೀರಿಗೆ ಎದುರು ಒತ್ತಡ ಬಿದ್ದು ಸ್ಕಿಮ್ಮರ್ ಒಳಗಿನ ಮಟ್ಟ ಏರುತ್ತದೆ. ಆ ಪೈಪ್‌ನ ವಾಲ್ವ್ ತಿರುಗಿಸುವಾಗ ಒಂದೊಂದೇ ಚೂರು ತಿರುಗಿಸಿ, ಅರ್ಧ ಗಂಟೆ ಕಾದು ನೋಡಿ. ತಕ್ಷಣ ಫಲ ಕಾಣಲಿಲ್ಲ ಅಂತ ಮತ್ತೆ ಮತ್ತೆ ತಿರುಗಿಸಿದವರೇ ಕಪ್ ಉಕ್ಕಿಸಿಕೊಳ್ಳುವುದು.

ಗುಂಯ್ ಅಂತ ಕ್ಯಾಬಿನೆಟ್ಟೇ ಹಾಡುವ ಸದ್ದು

ಹತ್ತಿರ ಹೋದರೆ ಕಡಿಮೆ, ಪಕ್ಕದ ಕೋಣೆಯಲ್ಲಿ ಜಾಸ್ತಿ ಕೇಳುತ್ತದೆಯಾ? ಕ್ಯಾಬಿನೆಟ್ ಬಾಗಿಲಿಗೆ ಅಂಗೈ ಒತ್ತಿದರೆ ಸದ್ದು ಬದಲಾಗುತ್ತದೆಯಾ? ಹಾಗಿದ್ದರೆ ಪಂಪ್‌ನ ನಡುಕ ಗಾಜಿಗೆ, ಗಾಜಿನಿಂದ ಹಲಗೆಗೆ ದಾಟುತ್ತಿದೆ. ತಬಲಾದ ತೊಗಲಿನ ಹಾಗೆ ತೆಳು ಹಲಗೆ ಅದನ್ನು ದೊಡ್ಡದು ಮಾಡುತ್ತದೆ.

ಪ್ಲಗ್ ಕಿತ್ತು ನೋಡಿ. ಪಂಪ್ ಅಥವಾ ಸ್ಕಿಮ್ಮರ್ ಮೈ ಸಂಪ್ ಗೋಡೆಗೆ ತಾಗಿದ್ದರೆ ಎರಡು ಬೆರಳು ಸರಿಸಿ. ಅಡಿಯ ರಬ್ಬರ್ ಕಾಲು ಬಿದ್ದುಹೋಗಿರಬಹುದು. ತೊಟ್ಟಿಗೆಂದೇ ಮಾರುವ ಸ್ಪಂಜಿನ ಒಂದು ತುಂಡನ್ನು ಸ್ಕಿಮ್ಮರ್ ಅಡಿಗೆ ಹಾಕಿ ಮತ್ತೆ ಶುರುಮಾಡಿ. ಸದ್ದು ಅರ್ಧಕ್ಕರ್ಧ ಇಳಿದರೆ ಕಾರಣ ಇದೇ. ಆಮೇಲೆ ಸಿಲಿಕಾನ್ ಮ್ಯಾಟ್ ಹಾಕಿ ಶಾಶ್ವತ ಮಾಡಿ. ಬಣ್ಣ ಬಿಡುವ ಕಪ್ಪು ರಬ್ಬರ್, ಸೈಕಲ್ ಟ್ಯೂಬ್ ತುಂಡು ನೀರಿಗೆ ಹಾಕಬೇಡಿ. ಕ್ಯಾಬಿನೆಟ್ ಮೇಲೆ ಇಟ್ಟ ಆಹಾರದ ಡಬ್ಬಿ, ಸಡಿಲ ಕೀಲು ಕೂಡ ಇದೇ ಸದ್ದಿಗೆ ಕುಣಿಯುತ್ತವೆ. ಅವನ್ನೂ ಒಮ್ಮೆ ಮುಟ್ಟಿ ನೋಡಿ.

ಕಟಕಟ, ಗರಗರ: ಈಗ ಪಂಪ್ ಬಿಚ್ಚಿ

ಮೇಲಿನ ಯಾವುದೂ ಅಲ್ಲದೆ ಗಟ್ಟಿ ವಸ್ತು ತಾಗುವ ಸದ್ದಿದ್ದರೆ ದೋಷ ಇಂಪೆಲ್ಲರ್‌ನಲ್ಲಿದೆ. ನಮ್ಮ 50 ಹರ್ಟ್ಸ್ ಕರೆಂಟ್‌ನಲ್ಲಿ ಸಾಮಾನ್ಯ ಎಸಿ ಸ್ಕಿಮ್ಮರ್ ಪಂಪ್ ಸೆಕೆಂಡಿಗೆ 50 ಸುತ್ತು ತಿರುಗುತ್ತದೆ. ಆ ವೇಗದಲ್ಲಿ ಒಂದು ಮರಳ ಕಣವೂ ದೊಡ್ಡ ಸದ್ದು ಮಾಡಬಲ್ಲದು. ಕಟಕಟ ಇದ್ದರೆ ಹೊರಗಿನದೇನೋ ಒಳಗೆ ಸೇರಿದೆ: ಹವಳದ ಚೂರು, ಮರಿ ಬಸವನಹುಳು, ಪಾಚಿಯ ನೂಲು. ಗರಗರ ಅಂತ ಒಂದೇ ಸಮ ಉಜ್ಜುತ್ತಿದ್ದರೆ ಸುಣ್ಣ ಕಟ್ಟಿದೆ ಅಥವಾ ಶಾಫ್ಟ್, ಬುಷ್ ಸವೆದಿದೆ. ಸಮುದ್ರದ ನೀರಲ್ಲೇ ಕ್ಯಾಲ್ಸಿಯಂ ಜಾಸ್ತಿ, ಪಂಪ್ ಬಿಸಿಯಾಗುವ ಜಾಗದಲ್ಲಿ ಅದು ಬೆಳ್ಳಗೆ ಕೂರುತ್ತದೆ. ಆರ್‌ಒ ನೀರು ಬಳಸಿದರೂ ಇದು ತಪ್ಪುವುದಿಲ್ಲ.

ಪ್ಲಗ್ ಕಿತ್ತು, ಕಪ್ ತೆಗೆದು, ಸ್ಕಿಮ್ಮರನ್ನು ನೇರವಾಗಿ ಎತ್ತಿ ಬಕೆಟ್‌ಗೆ ಇಡಿ. ಪಂಪ್ ಮುಂದಿನ ಮುಚ್ಚಳ ತಿರುಗಿಸಿ ತೆಗೆಯಿರಿ. ಇಂಪೆಲ್ಲರ್‌ಗೆ ಆಯಸ್ಕಾಂತ ಇರುವುದರಿಂದ ಅದು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ನೇರವಾಗಿ, ನಿಧಾನವಾಗಿ ಎಳೆಯಿರಿ. ಓರೆ ಮಾಡಿದರೆ ಏನಾಗುತ್ತದೆ ಅಂತ ಮೊದಲೇ ಹೇಳಿದ್ದೇನೆ. ಸೆರಾಮಿಕ್ ಶಾಫ್ಟ್ ತುಕ್ಕು ಹಿಡಿಯುವುದಿಲ್ಲ, ಆದರೆ ಗಾಜಿನಷ್ಟೇ ನಾಜೂಕು. ಕೆಳಗೆ ಒಂದು ಟವೆಲ್ ಹಾಸಿಕೊಂಡು ಕೂತರೆ ಒಳ್ಳೆಯದು.

ಬಿಳಿ ವಿನೆಗರ್ ಮತ್ತು ನೀರನ್ನು ಸಮ ಬೆರೆಸಿ ಭಾಗಗಳನ್ನು ಅರ್ಧದಿಂದ ಒಂದು ಗಂಟೆ ನೆನೆಸಿ. ವಿನೆಗರ್ ಇಲ್ಲದಿದ್ದರೆ ದಿನಸಿ ಅಂಗಡಿಯ ನಿಂಬೆ ಉಪ್ಪು, ಲೀಟರ್ ನೀರಿಗೆ ಎರಡು ದೊಡ್ಡ ಚಮಚ. ಸಣ್ಣ ಗುಳ್ಳೆ ಎದ್ದರೆ ಸುಣ್ಣ ಕರಗುತ್ತಿದೆ ಅಂತ ಅರ್ಥ. ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ, ಗುಳಿಯ ಒಳಗೆ ಇಯರ್‌ಬಡ್ ಹಾಕಿ ಒರೆಸಿ. ಸ್ಟೀಲ್ ನಾರು, ಸ್ಕ್ರೂಡ್ರೈವರ್, ಸೋಪು ಬೇಡ. ವಿನೆಗರ್ ಜೊತೆ ಬ್ಲೀಚಿಂಗ್ ಪೌಡರ್ ಯಾವತ್ತೂ ಸೇರಿಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಚೆನ್ನಾಗಿ ತೊಳೆದು ಜೋಡಿಸಿ. ಸಲೀಸಾಗಲಿ ಅಂತ ಕೊಬ್ಬರಿ ಎಣ್ಣೆ, ಮಷೀನ್ ಆಯಿಲ್ ಹಚ್ಚುವವರಿದ್ದಾರೆ. ಅದು ನೀರಿಗೆ ಸೇರಿದರೆ ನೊರೆಯೇ ಕಟ್ಟುವುದಿಲ್ಲ.

ಜೋಡಿಸುವ ಮೊದಲು ಬೆಳಕಲ್ಲಿ ಹಿಡಿದು ನೋಡಿ. ಶಾಫ್ಟ್‌ನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಬದಲಿಸಿ. ತುದಿಯ ರಬ್ಬರ್ ಬುಷ್ ಸಡಿಲವಾಗಿದ್ದರೆ ಬದಲಿಸಿ. ಚಕ್ರದ ಮುಳ್ಳು ನಾಲ್ಕೈದು ಮುರಿದಿದ್ದರೆ ತೂಕ ಓರೆಯಾಗಿ ನಡುಗುತ್ತದೆ, ಇಂಪೆಲ್ಲರನ್ನೇ ಬದಲಿಸಿ. ಆದರೆ ಚಕ್ರ ಆಯಸ್ಕಾಂತದ ಮೇಲೆ ಸ್ವಲ್ಪ ಆಚೀಚೆ ಆಡಿದರೆ ಗಾಬರಿ ಬೇಡ. ಸುಲಭವಾಗಿ ಸ್ಟಾರ್ಟ್ ಆಗಲಿ ಅಂತ ಎಷ್ಟೋ ಪಂಪ್‌ಗಳಲ್ಲಿ ಹಾಗೇ ಮಾಡಿರುತ್ತಾರೆ. ಅದನ್ನು ಗೋಂದು ಹಾಕಿ ಅಂಟಿಸಬೇಡಿ.

ಹೊಸ ಸ್ಕಿಮ್ಮರ್ ಆದರೆ, ಅಥವಾ ಈಗಷ್ಟೇ ತೊಳೆದದ್ದಾದರೆ, ಕೆಲವು ದಿನ ಸಣ್ಣ ಸದ್ದಿರುತ್ತದೆ. ಒಂದು ವಾರ ಕಾಯಿರಿ.

ಕರೆಂಟ್ ಹೋದಾಗ ಅಥವಾ ಬಂದ ಮೇಲೆ ಮಾತ್ರ ಬರುವ ಸದ್ದು

ಕರೆಂಟ್ ಹೋದ ಕೂಡಲೇ ಜೇನುಗೂಡಿನ ಹಾಗೆ ಝೇಂಕಾರ ಶುರುವಾಗಿ, ಬಂದ ಕೂಡಲೇ ನಿಲ್ಲುತ್ತದೆಯಾ? ಪಂಪ್ ಸರಿಯಿದೆ. ನಿಮ್ಮ ಇನ್ವರ್ಟರ್ ಸ್ಕ್ವೇರ್ ವೇವ್ ಮಾದರಿಯದ್ದು. ಅದರ ಕರೆಂಟ್‌ನಲ್ಲಿ ಎಸಿ ಪಂಪ್ ಸದ್ದೂ ಮಾಡುತ್ತದೆ, ಬಿಸಿಯೂ ಆಗುತ್ತದೆ. ಸೈನ್ ವೇವ್ ಇನ್ವರ್ಟರ್‌ನಲ್ಲಿ ಈ ತೊಂದರೆ ಇಲ್ಲ. ಅದಿಲ್ಲದಿದ್ದರೆ ಸ್ಕಿಮ್ಮರನ್ನು ಇನ್ವರ್ಟರ್ ಲೈನ್‌ನಿಂದ ತೆಗೆಯಿರಿ. ಕೆಲವು ಗಂಟೆ ಸ್ಕಿಮ್ಮರ್ ಇಲ್ಲದಿದ್ದರೆ ಮೀನಿಗೆ ಏನೂ ಆಗುವುದಿಲ್ಲ. ನೀರು ಅಲುಗಾಡದಿದ್ದರೆ ಆಗುತ್ತದೆ. ಬ್ಯಾಟರಿಯ ಏರ್ ಪಂಪ್ ಒಂದನ್ನು ಸಿದ್ಧ ಇಟ್ಟುಕೊಳ್ಳಿ.

ಕರೆಂಟ್ ಬಂದ ಮೇಲೆ ಗುಂ ಅನ್ನುತ್ತಾ ನೀರು ಎಳೆಯದೆ ನಿಂತಿದ್ದರೆ ತಕ್ಷಣ ಆಫ್ ಮಾಡಿ. ಇಂಪೆಲ್ಲರ್ ಸಿಕ್ಕಿಕೊಂಡಿದೆ ಅಥವಾ ವೋಲ್ಟೇಜ್ ತೀರಾ ಕಡಿಮೆ ಇದೆ. ಹಳ್ಳಿ ಕಡೆ ತೋಟದ ಪಂಪ್‌ಸೆಟ್ ಓಡುವ ಹೊತ್ತಿಗೆ ಹೀಗಾಗುತ್ತದೆ. ಒಂದು ನಿಮಿಷ ಬಿಟ್ಟು ಮತ್ತೆ ಹಾಕಿ. ಮೂರು ಸಲಕ್ಕೂ ತಿರುಗದಿದ್ದರೆ ಬಿಚ್ಚಿ ತೊಳೆಯಿರಿ. ಸದ್ದು ಕಡಿಮೆ ಆಗಲಿ ಅಂತ ಫ್ಯಾನ್ ರೆಗ್ಯುಲೇಟರ್‌ಗೆ ಪಂಪ್ ಜೋಡಿಸುವುದನ್ನು ನೋಡಿದ್ದೇನೆ. ದಯವಿಟ್ಟು ಬೇಡ, ಮೋಟಾರ್ ಸುಟ್ಟುಹೋಗುತ್ತದೆ.

ಇಲ್ಲಿಗೆ ನಿಲ್ಲಿಸಿ

ನೀರು ಮುಟ್ಟಿದಾಗ ಜುಮ್ ಅಂದರೆ, ಆರ್‌ಸಿಸಿಬಿ ಪದೇ ಪದೇ ಬಿದ್ದರೆ, ಸುಟ್ಟ ವಾಸನೆ ಬಂದರೆ, ವೈರ್ ಅಥವಾ ಪಂಪ್ ಮೈ ಬಿರುಕು ಬಿಟ್ಟಿದ್ದರೆ ಮೇನ್ ಆಫ್ ಮಾಡಿ ಪ್ಲಗ್ ಕೀಳಿ. ಆ ಪಂಪ್ ಮತ್ತೆ ನೀರಿಗೆ ಹೋಗಬಾರದು. ಆಯಸ್ಕಾಂತದ ಮೈ ಉಬ್ಬಿ ತುಕ್ಕಿನ ಬಣ್ಣ ಕಂಡರೂ ಅಷ್ಟೇ. ಉಪ್ಪುನೀರು ಒಳಹೊಕ್ಕು ಲೋಹ ಕರಗುತ್ತಿದೆ, ಹವಳಕ್ಕೂ ಸೀಗಡಿಗೂ ಅದು ಅಪಾಯ.

ಬೋರ್‌ವೆಲ್ ಮೋಟಾರ್ ರಿವೈಂಡ್ ಮಾಡುವ ಒಳ್ಳೊಳ್ಳೆ ಕೈಗಳು ನಮ್ಮ ಊರಲ್ಲಿವೆ. ಆದರೆ ಈ ಪಂಪ್‌ನ ಸುರುಳಿಯನ್ನು ಎಪಾಕ್ಸಿಯಲ್ಲಿ ಪೂರ್ತಿ ಮುಚ್ಚಿರುತ್ತಾರೆ, ಒಡೆದರೆ ಮತ್ತೆ ನೀರು ತಡೆಯುವುದಿಲ್ಲ. ಹೊಸದೇ ತರಿಸಬೇಕು. ಬರುವ ತನಕ ಏರ್ ಪಂಪ್‌ಗೆ ಸಿಕ್ಕಿಸಿ ಗುಳ್ಳೆ ಬಿಡುವ ಏರ್ ಸ್ಟೋನ್ ಹಾಕಿ, ಆಹಾರ ಅರ್ಧ ಮಾಡಿ, ಎರಡು ದಿನಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿ. ಭಾಗ ಆರ್ಡರ್ ಮಾಡುವಾಗ ಮಾದರಿಯ ಹೆಸರಿನ ಜೊತೆ ಶಾಫ್ಟ್‌ನ ಉದ್ದ, ದಪ್ಪವನ್ನು ಮಿಲಿಮೀಟರ್‌ನಲ್ಲಿ ಅಳೆದು ಕಳಿಸಿ, ಫೋಟೋ ಕೂಡ. ಒಂದರ ಬದಲು ಎರಡು ತರಿಸಿ. ನನ್ನ ಎರಡನೇ ಶಾಫ್ಟ್ ಹತ್ತಿಯಲ್ಲಿ ಸುತ್ತಿ ಉಪ್ಪಿನ ಡಬ್ಬಿಯ ಪಕ್ಕದಲ್ಲೇ ಇದೆ.